ಸವಿತಾಳ ಹೆಸರಿಗೊಂದು ಬಣ್ಣ

ನಿವೃತ್ತನಾದ ಗಂಡಸು ತಾನೇ ಒಂದು ಕೆಲಸ ಹುಡುಕಿಕೊಳ್ಳದಿದ್ದರೆ ಮನೆಯವರು ಹುಡುಕಿ ಕೊಡುತ್ತಾರೆ. ಆ ಭಯಕ್ಕೇ ಗಣಿತದ ಮೇಷ್ಟ್ರಾಗಿದ್ದ ನಾನು ಗುತ್ತಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ವಧೂವರರ ಮಾಹಿತಿ ಕೇಂದ್ರ ತೆರೆದೆ. ವಿವರಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ, ಅವನ್ನು ಪರದೆಯ ಮೇಲೆ ತೋರಿಸುವ ಫಾರಂ ಮಾಡಿದವನೂ ನಾನೇ. ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಆ ಸಾಲು ಕಡುನೀಲಿಗೆ ತಿರುಗಿ, ಪಕ್ಕದಲ್ಲಿ ಫೋಟೊ, ಓದು, ನಕ್ಷತ್ರ ಎಲ್ಲ ಬರುತ್ತವೆ. ಬಂದವರಿಗೆಲ್ಲ ಅದನ್ನು ತೋರಿಸುವ ಚಪಲ ನನಗೆ.

ಕಿರುಗಾವಲಿನ ಗೌರಮ್ಮನಿಗೂ ತೋರಿಸಿದೆ. ಮಗಳು ಸವಿತಾಳಿಗೆ ಗಂಡು ಹುಡುಕಿ ಹುಡುಕಿ ಸೋತು ಬಂದಿದ್ದ ತಾಯಿ. ಪರದೆ ನೋಡಿ ಮುಖ ಸಣ್ಣದು ಮಾಡಿಕೊಂಡರು. "ನನ್ ಮಗ್ಳ ಎಸ್ರಿಗೆ ಮಸಿ ಬಳ್ದಂಗದಲ್ಲ ಮೇಷ್ಟ್ರೇ. ಇದ ಗಂಡಿನ್ ಕಡೆಯೋರು ನೋಡುದ್ರೆ?"

ಮೇಷ್ಟ್ರ ಅಭಿಮಾನಕ್ಕೆ ಪೆಟ್ಟು ಬಿತ್ತು. ಆ ಬಣ್ಣ ಬದಲಿಸುವ ಗುಂಡಿ ಎಲ್ಲೂ ಇರಲಿಲ್ಲ. ಅದಕ್ಕೆ ಪ್ರೋಗ್ರಾಂ ಬರೆಯಬೇಕು. ವಿಡಿಯೋ ನೋಡಿ ಕಲಿತು, ಒಂದು ವಾರ ಒದ್ದಾಡಿ ಕುಂಕುಮದ ಕೆಂಪು ಹಾಕಿದೆ. "ಅಡ್ಗೆಮನೆ ಗ್ವಾಡೆಗೆ ಬಣ್ಣ ಒಡ್ಸಿ ಅಂತ ಮೂರ್ ವರ್ಸದಿಂದ ಬಡ್ಕೊತಾ ಇವ್ನಿ, ಅದ್ಕೆ ಪುರುಸೊತ್ತಿಲ್ಲ" ಎಂದಳು ನನ್ನ ಹೆಂಡತಿ. ಕೇಳಿಸದವನಂತೆ ಇದ್ದೆ. ಈ ಕಲೆ ನನಗೆ ಸ್ಟಾಫ್ ರೂಮಿನಲ್ಲೇ ಸಿದ್ಧಿಸಿತ್ತು.

ಗೌರಮ್ಮನಿಗೆ ಕೆಂಪೂ ಹಿಡಿಸಲಿಲ್ಲ. "ಫೇಲಾದೋರ್ಗೆ ನೀವು ಇಂಗೇ ಅಲ್ವಾ ಕೆಂಪ್ ಗೆರೆ ಎಳೀತಿದ್ದುದ್ದು?" ಎಂದರು. ಮಾತು ನಿಜ. ಮುಂದಿನ ವಾರ ಅರಿಸಿನದ ಹಳದಿ ಹಾಕಿದೆ. ಅಕ್ಷರದ ಬಣ್ಣ ಬೇರೆ, ಹಿಂದಿನ ಬಣ್ಣ ಬೇರೆ, ಎರಡನ್ನೂ ಬದಲಿಸಬೇಕೆಂಬುದು ಹೊಳೆಯಲಿಲ್ಲ. ಕ್ಲಿಕ್ ಮಾಡಿದ ಕೂಡಲೇ ಬಿಳಿ ಅಕ್ಷರ ಹಳದಿಯಲ್ಲಿ ಕರಗಿ ಹೋಯಿತು. "ಎಸ್ರೇ ಇಲ್ದಂಗಾಯ್ತಲ್ಲ" ಎಂದು ಗೌರಮ್ಮ ಕಣ್ಣಲ್ಲಿ ನೀರು ತಂದುಕೊಂಡು ಬಸ್ಸಿಗೆ ಹೋದರು. ನನಗೂ ಬೇಸರವಾಯಿತು, ಬಣ್ಣ ಕೈಕೊಟ್ಟಿತಲ್ಲ ಎಂದು.

ಮೂರನೆಯ ವಾರ ಎಳೆಹಸಿರು, ಅದರ ಮೇಲೆ ಕಪ್ಪು ಅಕ್ಷರ. ಗೌರಮ್ಮ ಕನ್ನಡಕ ಏರಿಸಿ ನೋಡಿ, "ಈಗ ಚೆಂದಾಗದೆ. ತಗ್ದಾಕ್ಬುಡಿ" ಎಂದರು.

"ಬಣ್ಣಾನಾ?"

"ಎಸ್ರ. ಮದ್ವೆ ಗೊತ್ತಾಯ್ತು. ಅವತ್ತು ವಾಪಸ್ ಓಗುವಾಗ ಬಸ್ಸಲ್ಲಿ ಪಕ್ಕ ಕೂತಿದ್ದೋರಿಗೆ ನಿಮ್ ಬಣ್ಣದ್ ಕತೆ ಏಳ್ದೆ. ನಕ್ಬುಟ್ಟು, ಅವ್ರ್ ತಮ್ಮುನ್ ಇಸ್ಯ ತಗುದ್ರು."

ಈ ಸಂಬಂಧದಲ್ಲಿ ನನ್ನ ಕೇಂದ್ರದ ಪಾಲೂ ಇದೆ ಎನ್ನಲು ಬಾಯಿ ತೆರೆದಾಗ ನೆನಪಾಯಿತು: ಮೂರು ವಾರದಲ್ಲಿ ಸವಿತಾಳಿಗಾಗಿ ಒಂದು ಗಂಡಿನ ವಿವರವನ್ನೂ ನಾನು ತೆಗೆದು ನೋಡಿರಲಿಲ್ಲ. ನಾಚಿಕೆಯಾಯಿತು. ಅವಳ ಹೆಸರು ಅಳಿಸಿದೆ.

ಅಳಿಸಿದೊಡನೆ ಹಸಿರು ತಾನಾಗಿ ಕೆಳಗಿನ ಸಾಲಿಗೆ ಇಳಿಯಿತು: ಸುಜಾತ, ಮದ್ದೂರು. ನೋಂದಾಯಿಸಿ ಎರಡು ವರ್ಷವಾಗಿತ್ತು. ಅವಳಪ್ಪ ಬಲು ಸಾಧು, ಬಣ್ಣದ ಬಗ್ಗೆ ಒಂದು ದಿನವೂ ತಕರಾರು ಮಾಡಿದವರಲ್ಲ. ಹಾಗಾಗಿ ಮೊದಲ ದಿನ ಅವರಿಗೆ ತೋರಿಸಿದ್ದು ಬಿಟ್ಟರೆ ಆ ಹೆಸರಿನ ಮೇಲೆ ನಾನು ಅಲ್ಲಿಯವರೆಗೆ ಕ್ಲಿಕ್ಕೇ ಮಾಡಿರಲಿಲ್ಲ.