ಅತ್ತೆಯ ಕಣ್ಣು ಮತ್ತು ನನ್ನ ವಿವರಣೆ

ಮನುಷ್ಯನ ಕಣ್ಣನ್ನು ನನಗಿಂತ ಚೆನ್ನಾಗಿ ವಿವರಿಸುವವರು ಶಿಡ್ಲಘಟ್ಟದಲ್ಲಿ ಯಾರೂ ಇಲ್ಲವೆಂದು ನಾನು ನಂಬಿದ್ದ ಕಾಲವದು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಪ್ರತಿ ವರ್ಷ ಬೋರ್ಡಿನ ಮೇಲೆ ಕಣ್ಣು ಬರೆದು, ಭಾಗಗಳನ್ನು ಗುರುತಿಸಿ, ಅಳಿಸುತ್ತಿದ್ದೆ. ಆ ಕಣ್ಣುಗಳಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂದರೆಯಾದದ್ದು ಅತ್ತೆಯ ಕಣ್ಣಿನಿಂದ. ನನ್ನ ಹೆಂಡತಿ ಲಲಿತಳ ತಾಯಿ ನಮ್ಮ ಜೊತೆಯಲ್ಲೇ ಇದ್ದರು. ಗೂಡಿನಿಂದ ರೇಷ್ಮೆ ನೂಲು ಬಿಚ್ಚುತ್ತಲೇ ವಯಸ್ಸಾದವರು. ಎರಡೂ ಕಣ್ಣಿಗೆ ಪೊರೆ ಬಂದು, ನೂಲಿನ ಎಳೆಯಿರಲಿ, ಎದುರಿಗಿದ್ದ ಅಳಿಯನೂ ಕಾಣುತ್ತಿರಲಿಲ್ಲ. ಊರಿಗೆ ಕಣ್ಣಿನ ಶಿಬಿರ ಬರುತ್ತದೆಂದು ತಿಳಿದ ಕೂಡಲೇ ಲಲಿತ ಹೆಸರು ಬರೆಸಿದಳು. ಅತ್ತೆ ಒಂದೇ ಮಾತಿಗೆ ಒಪ್ಪಿದರು. ಆಪರೇಷನ್ ಹೇಗೆ ಮಾಡುತ್ತಾರೆಂದು ಯಾರೂ ಕೇಳಿರಲಿಲ್ಲ. ದಯವಿಟ್ಟು ಗಮನಿಸಿ. ಯಾರೂ ಕೇಳಿರಲಿಲ್ಲ!

ಆದರೆ ರೋಗಿಗೆ ಶಸ್ತ್ರಚಿಕಿತ್ಸೆಯ ಸಂಪೂರ್ಣ ಅರಿವಿರಬೇಕೆಂಬುದು ನನ್ನ ಸಿದ್ಧಾಂತ. ಶಿಬಿರದ ಹಿಂದಿನ ದಿನ, ಜಗಲಿಯ ಮೇಲೆ ಕೂತಿದ್ದ ಅತ್ತೆಯ ಮುಂದೆ ನಿಂತು, "ಅತ್ತೆ, ಕಣ್ಣು ಅಂದ್ರೆ ಒಂದು ಕ್ಯಾಮರಾ" ಎಂದೆ.

"ಹೂಂನಪ್ಪ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಉದಾಹರಣೆ ಊರಿನದೇ ಆಗಿರಬೇಕೆಂದು ಮೇಷ್ಟ್ರ ತರಬೇತಿಯಲ್ಲಿ ಕಲಿಸಿದ್ದರಲ್ಲ!

"ಬೇಡ, ರೇಷ್ಮೆಗೂಡು ಅಂದ್ಕೊಳ್ಳಿ. ಗೂಡೊಳಗೆ ಹುಳ ಇರತ್ತಲ್ಲ, ಹಂಗೆ ಕಣ್ಣೊಳಗೆ ಮಸೂರ ಅಂತ ಇರತ್ತೆ. ಅದು ಬೆಳ್ಳಗಾದ್ರೆ ಹೊರಗೆ ತೆಗೀತಾರೆ. ಅಷ್ಟೇ."

ಅತ್ತೆಯ ಮುಖ ನನ್ನ ದನಿಯ ಕಡೆಗೆ ತಿರುಗಿತು. "ಬೇಯ್ಸಿ ತೆಗೀತಾರಾ?"

"ಛೆ ಛೆ! ಬೇಯ್ಸಲ್ಲ ಅತ್ತೆ. ಅಂಚಲ್ಲಿ ಒಂಚೂರು ಕೊಯ್ತಾರೆ."

"ಕೊಯ್ದ್ರೆ ಮುಗೀತಲ್ಲಪ್ಪ. ತೂತಾದ ಗೂಡು ನೂಲು ಬಿಡ್ತದಾ? ಎಸೆಯೋದೇ."

"ಆಮೇಲೆ ಹೊಲಿಗೆ ಹಾಕ್ತಾರೆ."

"ಗೂಡಿಗಾ?!"

ಪಕ್ಕದ ಮನೆಯ ಮುನಿಯಮ್ಮ ಇಷ್ಟರಲ್ಲಿ ಗೋಡೆ ಹಿಡಿದುಕೊಂಡು ಬಂದರು. ಅವರಿಗೂ ಪೊರೆ, ಅವರ ಹೆಸರನ್ನೂ ಬರೆಸಿಯಾಗಿತ್ತು. ಹಿಂದೆಯೇ ಬೀದಿಯ ಹೆಂಗಸರು ಬಂದರು. ಎಲ್ಲರೂ ನೂಲು ಬಿಚ್ಚುವವರು. ಕುದಿನೀರಿನಲ್ಲಿ ಗೂಡಿಗೆ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ನೋವಾಗಲ್ವಾ ಮೇಷ್ಟ್ರೇ?" ಎಂದರು ಮುನಿಯಮ್ಮ.

"ಒಂಚೂರೂ ಇಲ್ಲ! ಮೊದಲೇ ಕಣ್ಣಿನ ಪಕ್ಕದಲ್ಲಿ ಸೂಜಿ ಚುಚ್ತಾರೆ."

"ಅಯ್ಯೋ ದೇವುಡಾ!"

ಧೈರ್ಯ ತುಂಬಲು ಇದ್ದಿಲು ತಂದು ಗೋಡೆಯ ಮೇಲೆ ಚಿತ್ರ ಬರೆದೆ. ನಾನು ಬರೆದದ್ದು ಕಣ್ಣು ಮಾತ್ರ. ಲಲಿತಳ ಪ್ರಕಾರ ಕತ್ತರಿಯನ್ನೂ ಬರೆದಿದ್ದೆ. ನೆನೆಸಿಕೊಂಡಾಗ ಒಮ್ಮೆ ಆ ಕತ್ತರಿ ಇರುತ್ತದೆ, ಒಮ್ಮೆ ಇರುವುದಿಲ್ಲ. ಈ ವಿಷಯದಲ್ಲಿ ನನ್ನನ್ನು ನಂಬಬೇಡಿ. ಅವಳನ್ನೂ ನಂಬಬೇಡಿ. ಗೋಡೆಗೆ ಆಮೇಲೆ ಸುಣ್ಣ ಹೊಡೆದೆವು.

ಬೆಳಗ್ಗೆ ಅತ್ತೆಯ ಚಾಪೆ ಖಾಲಿ! ಮುನಿಯಮ್ಮನೂ ಇಲ್ಲ. ಬಸ್ಸಿನ ಬೋರ್ಡು ಕಾಣದ ಇಬ್ಬರು ಮುದುಕಿಯರು, ಕಂಡಕ್ಟರನ್ನು ಕೇಳಿ ಕೇಳಿ ಬಸ್ಸು ಹತ್ತಿ, ಅಂಬಾಜಿದುರ್ಗದ ಕಡೆಯ ನೆಂಟರ ಮನೆ ಸೇರಿದ್ದರೆಂದು ಆಮೇಲೆ ತಿಳಿಯಿತು. ಆಪರೇಷನ್ನಿಗೆ ಹೆದರಿ ಅಂತ ನಾನು. ನಿಮ್ಮ ಬಾಯಿಗೆ ಹೆದರಿ ಅಂತ ಲಲಿತ.

ಅವರನ್ನು ಹುಡುಕಿಕೊಂಡು ಮೊದಲು ಶಿಬಿರಕ್ಕೆ ಓಡಿದೆವು. ಡಾಕ್ಟರು ಖಾಲಿ ಹಾಸಿಗೆಗಳ ನಡುವೆ ನಿಂತಿದ್ದರು. "ಕಣ್ಣನ್ನ ಗೂಡಿನ ಥರ ಬೇಯಿಸ್ತೀವಿ ಅಂತ ಯಾವನೋ ಪುಕಾರು ಹಬ್ಬಿಸಿದಾನೆ. ನಿಮ್ಮಂಥ ಓದಿದೋರು ಮನೆಮನೆಗೆ ಹೋಗಿ ಬಿಡಿಸಿ ಹೇಳ್ಬೇಕು ಮೇಷ್ಟ್ರೇ."

"ಕೈ ಮುಗೀತೀನಿ ಸಾರ್, ಇವರನ್ನ ಎಲ್ಲಿಗೂ ಕಳಿಸ್ಬೇಡಿ" ಎಂದಳು ಲಲಿತ.

ಅತ್ತೆ ವಾಪಸ್ಸು ಬಂದಾಗ ಶಿಬಿರ ಎದ್ದುಹೋಗಿತ್ತು. ದೊಡ್ಡಾಸ್ಪತ್ರೆಗೆ ಬನ್ನಿ ಎಂದರೆ ಆ ಮಾತೇ ಎತ್ತಬೇಡಿ ಎನ್ನುತ್ತಿದ್ದರು. ಮುಂದಿನ ಶಿಬಿರ ಬರುವ ಮೊದಲೇ ಬಲಗಣ್ಣು ಕೆಂಪಾಗಿ, ನೋವು ತಡೆಯಲಾರದೆ ತಾವೇ ದೊಡ್ಡಾಸ್ಪತ್ರೆಗೆ ಹೊರಟರು. ಪೊರೆ ಬಲಿತು, ಕಣ್ಣೊಳಗೆ ಒತ್ತಡ ಏರಿ, ನರ ಹಾಳಾಗಿದೆ, ಇನ್ನು ಆ ಕಣ್ಣಿಗೆ ದೃಷ್ಟಿ ಬರುವುದಿಲ್ಲ ಎಂದರು ಅಲ್ಲಿನ ಡಾಕ್ಟರು. ಪ್ರತಿಯೊಂದು ಪದವೂ ನನಗೆ ಅರ್ಥವಾಯಿತು. ಯಾರಿಗೂ ವಿವರಿಸಲಿಲ್ಲ.

"ಹೋಗ್ಲಿ ಬಿಡಪ್ಪ" ಎಂದು ಅತ್ತೆಯೇ ನನ್ನ ಕೈ ತಡವಿ ಹಿಡಿದರು. "ಇನ್ನೊಂದೈತಲ್ಲ. ಅದಕ್ಕೆ ಮಾಡುಸ್ಕೊತೀನಿ. ಆದ್ರೆ ಅವತ್ತು ನೀವು ಊರಲ್ಲಿರಬಾರ್ದು."

ಎಡಗಣ್ಣಿಗೆ ಆಪರೇಷನ್ ಆಯಿತು. ದಪ್ಪ ಕನ್ನಡಕ ಹಾಕಿಕೊಂಡರೆ ಈಗ ಅಳಿಯ ಕಾಣುತ್ತಾನೆ. ಅದು ಅವರ ಹಣೆಬರಹ.

ಅವತ್ತು ನಾನು ಗಡಿಪಾರಾಗಿ ಗೌರಿಬಿದನೂರಿನ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ಓದಿದೋರ್ ಥರ ಕಾಣ್ತೀರ. ಕಣ್ಣಿನ ಪೊರೆ ಆಪರೇಷನ್ ಅಂದ್ರೆ ಏನ್ ಮಾಡ್ತಾರೆ ಸ್ವಾಮಿ?"

ನನಗೆ ಕನ್ನಡ ಬರುವುದಿಲ್ಲ ಎಂದು ಅಚ್ಚ ಕನ್ನಡದಲ್ಲಿ ಹೇಳಿದೆ.

ಅಜ್ಜ ಹತ್ತಿರ ಸರಿದು ತೆಲುಗಿನಲ್ಲಿ ಕೇಳಿದರು!