ಮಲಗಿ ನೋಡಿದ ತೋಟ

ಅಳತೆ ಮಾಮನ ಅಂದಿನ ಫಜೀತಿಗೆಲ್ಲ ಮೂಲ ಒಂದೇ ಒಂದು ಪ್ರಶ್ನೆ. ಕೇಳಿದವಳಿಗೆ ಒಂಬತ್ತು ವರ್ಷ.

"ಮಾಮ, ಈ ತೋಟಾನ ನೀವು ಮಲಗಿ ನೋಡಿದ್ದೀರಾ?"

ಮಕ್ಕಳ ಆಸ್ಪತ್ರೆಯ ಹಿಂದಿನ ಖಾಲಿ ಜಾಗದಲ್ಲಿ ಎಂಟು ತಿಂಗಳ ದುಡಿಮೆಯಿಂದ ಒಂದು ತೋಟ ಎದ್ದಿತ್ತು. ದೊಡ್ಡ ಕಾಯಿಲೆಯ ಮಕ್ಕಳು ಮನೆಯವರ ಜೊತೆ ಬಂದು, ಮುಟ್ಟಿ, ಮೂಸಿ, ಕೇಳಿ, ನೋಡಿ ಒಂದಿಷ್ಟು ಹಗುರಾಗಲಿ ಎಂದು ಮಾಡಿದ ತೋಟ. ಗಾಲಿಗಳು ಬರಲೆಂದು ಮೆಟ್ಟಿಲಿಲ್ಲದ ಇಳಿಜಾರು, ಕೈಗೆ ಎಟಕಲೆಂದು ಕಟ್ಟೆಯ ಮೇಲೆ ಪುದೀನ, ದಾರಿಯುದ್ದಕ್ಕೂ ಹೂವಿನ ಕುಂಡ. ನಕ್ಷೆ ಬರೆದು, ಹಗಲೆಲ್ಲ ನಿಂತು ಕಟ್ಟಿಸಿದವನು ಅಳತೆ ಮಾಮ. ಕೊರಳಿಗೆ ಸದಾ ಟೇಪು ನೇತುಹಾಕಿಕೊಂಡು ಓಡಾಡುತ್ತಿದ್ದುದರಿಂದ ವಾರ್ಡಿನ ಮಕ್ಕಳು ಇಟ್ಟ ಹೆಸರು ಅದು. ಲೋಕವನ್ನೆಲ್ಲ ಅಳೆಯುವ ಅವನ ಸ್ವಂತ ಅಳತೆ ಐದಡಿಗೆ ಎರಡು ಬೆರಳು ಕಮ್ಮಿ.

ಪ್ರಶ್ನೆ ಕೇಳಿದವಳು ಹತ್ತನೇ ಹಾಸಿಗೆಯ ಹುಡುಗಿ. ಸಾರಿನ ಉಪ್ಪಿನಿಂದ ಹಿಡಿದು ಡಾಕ್ಟರ ಕೈಬರಹದವರೆಗೆ ಎಲ್ಲದಕ್ಕೂ ತೀರ್ಪು ಕೊಡುತ್ತಿದ್ದುದರಿಂದ ಅವಳನ್ನು ಎಲ್ಲರೂ ಜಡ್ಜಮ್ಮ ಎಂದೇ ಕರೆಯುತ್ತಿದ್ದರು. ಮೂರು ತಿಂಗಳಿಂದ ಅವಳ ಮೈಗೆ ಹೊರಗಿನ ಗಾಳಿ ಸೋಕಿರಲಿಲ್ಲ. ನಾಳೆ ಬೆಳಿಗ್ಗೆ ಅವಳನ್ನು ಗಾಜಿನ ಕೋಣೆಗೆ ಸಾಗಿಸುತ್ತಾರೆ. ಅಲ್ಲಿ ನಲವತ್ತು ದಿನ ಚಿಕಿತ್ಸೆ, ಅಮ್ಮನೂ ಗಾಜಿನಾಚೆಯೇ. "ಅದಕ್ಕೆ ಮುಂಚೆ ನಿನಗೆ ತೋಟ ತೋರಿಸ್ತೀನಿ" ಎಂದು ಮಾಮ ಮಾತು ಕೊಟ್ಟಿದ್ದ. ತೋಟಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಮೇಡಂ ಇಂದು ನಾಲ್ಕಕ್ಕೆ ಬಂದು ಸಹಿ ಹಾಕಬೇಕು. ಸಹಿ ಬೀಳುವ ತನಕ ಬಾಗಿಲಿನ ಹಳದಿ ಗೆರೆಯನ್ನು ಯಾವ ಮಗುವೂ ದಾಟುವಂತಿಲ್ಲ. ಬಿದ್ದರೆ, ಐದು ಗಂಟೆಗೆ ಜಡ್ಜಮ್ಮನೇ ಮೊದಲು. ಬೀಳದಿದ್ದರೆ ಇಲ್ಲ.

"ಮಲಗಿ ಯಾಕೆ ನೋಡ್ಬೇಕು ಪುಟ್ಟಿ?"

"ನಾನು ಮಲಗ್ಕೊಂಡೇ ತಾನೆ ಬರೋದು?"

"ಹೂಂ, ಹೂಂ, ನೋಡಿದ್ದೀನಿ" ಎಂದ ಮಾಮ. ಗಾಲಿಕುರ್ಚಿಯಲ್ಲಿ ಒಮ್ಮೆ ಕೂತು ಸುತ್ತು ಹಾಕಿದ್ದು ನಿಜ, ಮಲಗಿದ್ದು ಸುಳ್ಳು. ಆ ಸುಳ್ಳು ಹೋಗಿ ಹಿರಿ ಸಿಸ್ಟರ್ ಕಿವಿಗೆ ಬಿತ್ತು. ಇಪ್ಪತ್ತೆಂಟು ವರ್ಷ "ಔಷಧಿ ನುಂಗಿದೆ ಸಿಸ್ಟರ್" ಎಂಬ ಸುಳ್ಳುಗಳನ್ನೇ ಕೇಳಿ ಪಳಗಿದ ಕಿವಿ ಅದು.

"ಯಾವಾಗ ಮಲಗಿದ್ರಿ?"

"ಅದು... ಮನಸ್ಸಲ್ಲೇ, ಸಿಸ್ಟರ್."

"ಮನಸ್ಸಿಗೆ ಗಾಲಿ ಇರಲ್ಲ. ಇನ್ನೂ ಎರಡು ಗಂಟೆ ಈಗ. ಮಂಚ ಹತ್ತಿ."

ವಾರ್ಡಿನ ಮಂಚ ಹತ್ತಿದ ಮೇಲೆ ವಾರ್ಡಿನ ನಿಯಮ. ನೀಲಿ ಗೌನು, ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್, ಕತ್ತಿನ ತನಕ ಹೊದಿಕೆ. ಕಣ್ಣೆರಡು ಮಾತ್ರ ಉಳಿದು ಮಾಮ ಹದಿಮೂರರ ಹುಡುಗನಂತಾದ. ಮಂಚದ ಪಕ್ಕಕ್ಕೆ ಗ್ಲೂಕೋಸ್ ಸ್ಟ್ಯಾಂಡನ್ನೂ ಸಿಕ್ಕಿಸಿದರು. "ನಮ್ಮ ಮಕ್ಕಳು ಅದಿಲ್ದೆ ಎಲ್ಲಿಗೆ ಹೋಗ್ತಾರೆ?" ಎಂದರು ಸಿಸ್ಟರ್. ತಳ್ಳಲು ಬಂದವನು ವಾರ್ಡಿನ ಅಟೆಂಡರ್ ಪೈಲ್ವಾನ. ಜಡ್ಜಮ್ಮನ ಮಂಚವನ್ನು ಹಳದಿ ಗೆರೆಯ ಒಳಗಡೆ ತಂದು ನಿಲ್ಲಿಸಿದರು. ವಿಚಾರಣೆ ಅವಳ ಕಣ್ಣೆದುರೇ ನಡೆಯಬೇಕಲ್ಲ.

ದಾರಿಗೆ ಹಾಸಿದ ಕಲ್ಲುಗಳ ನಡುವೆ ಬೆರಳಗಲ ಸಂದು ಬಿಟ್ಟು ಮಾಮ ಹುಲ್ಲು ಬೆಳೆಸಿದ್ದ. ನಡೆಯುವವನ ಕಣ್ಣಿಗೆ ಅದು ಅಂದ. ಮಲಗಿದವನಿಗೆ ಪ್ರತಿ ಸಂದಿನಲ್ಲೂ ಗಾಲಿ ಧಡ್ ಎಂದಿತು, ಹಲ್ಲು ಕಟ್ ಎಂದಿತು. ಮಧ್ಯಾಹ್ನದ ಊಟ ಡಬ್ಬಿಯಲ್ಲಿ ಹಾಕಿ ಕುಲುಕಿದ ಕಾಳಿನಂತೆ ಹೊಟ್ಟೆಯ ಮೂಲೆಮೂಲೆಗೆ ಬಡಿಯಿತು.

"ಇಂಥ ಸಂದು ಒಟ್ಟು ಎಷ್ಟಿವೆ ಸಾರ್?" ಕೇಳಿದ ಪೈಲ್ವಾನ.

"ಇನ್ನೂರ ನಲವತ್ತು. ನಾನೇ ಎಣಿಸಿ ಹಾಕ್ಸಿದ್ದು" ಎಂದು ಮಾಮ ನರಳಿದ.

ಬಳ್ಳಿ ಹಬ್ಬಿಸಿದ ಕಮಾನಿನ ಕೆಳಗೆ ಮಂಚವೇನೋ ನುಸುಳಿತು, ಸ್ಟ್ಯಾಂಡಿನ ಕೊಕ್ಕೆ ನುಸುಳಲಿಲ್ಲ. ಪೈಲ್ವಾನ ತನ್ನ ಹೆಸರಿಗೆ ತಕ್ಕಂತೆ ಇನ್ನೊಂದು ಸಲ ನೂಕಿದ. ಬಳ್ಳಿಗೆ ಬಳ್ಳಿಯೇ ಕಳಚಿ ಮಾಮನ ಮೇಲೆ ಬಂತು. ಆಮೇಲೆ ಇಳಿಜಾರು. ಅಲ್ಲಿ ಪೈಲ್ವಾನ ಮಂಚವನ್ನು ಹಿಡಿದನೋ, ಮಂಚ ಪೈಲ್ವಾನನನ್ನು ಎಳೆದುಕೊಂಡು ಹೋಯಿತೋ ಹೇಳುವುದು ಕಷ್ಟ. ಕಡೆಗೆ ತೋಟದ ನಡುವಿನ ಜಲ್ಲಿಕಲ್ಲಿನ ವೃತ್ತದಲ್ಲಿ ಗಾಲಿಗಳು ಕೆಸರಿಗಿಳಿದ ಎಮ್ಮೆಯಂತೆ ಹೂತು ಕೂತವು.

"ಇನ್ನೊಬ್ಬರನ್ನ ಕರ್ಕೊಂಡ್ ಬರ್ತೀನಿ. ನೀವು ಎಲ್ಲೂ ಹೋಗ್ಬೇಡಿ ಸಾರ್" ಎಂದು ಬ್ರೇಕ್ ಒತ್ತಿ ಪೈಲ್ವಾನ ಹೊರಟುಹೋದ.

ಮಾಮ ಬಲಕ್ಕೆ ತಿರುಗಿದ. ಪುದೀನದ ಕಟ್ಟೆ. ಪುದೀನ ಎಲ್ಲೋ ಮೇಲಿತ್ತು, ಮೂಗಿನ ನೇರಕ್ಕೆ ಸಿಮೆಂಟು. ಎಡಕ್ಕೆ ತಿರುಗಿದರೆ ಕುಂಡಗಳ ತಳ. ಹೂವುಗಳೆಲ್ಲ ಬಿಸಿಲಿಗೆ ಮುಖ ಮಾಡಿ, ಮುನಿಸಿಕೊಂಡ ನೆಂಟರ ಹಾಗೆ ಅವನಿಗೆ ಬೆನ್ನು ತೋರಿಸಿದ್ದವು. ಎಂಟು ತಿಂಗಳು ಬೆವರು ಸುರಿಸಿ ತಾನು ಮಾಡಿದ್ದು ನಿಂತವರ ತೋಟ ಎಂದು ಅವನಿಗೆ ತಿಳಿಯಿತು. ನಿಲ್ಲಬಲ್ಲವರಿಗೆ ಈ ತೋಟ ಯಾಕೆ ಬೇಕು? ಸೋತು ತಲೆಯನ್ನು ದಿಂಬಿಗೆ ಒರಗಿಸಿದ.

ಒರಗಿಸಿದವನು ಹಾಗೇ ಉಳಿದ.

ತೋಟದ ಪಕ್ಕದ ಬಿರುಕು ಗೋಡೆಯ ಮೇಲೆ ಆಸ್ಪತ್ರೆಯ ಲಾಂಡ್ರಿಯ ತಾರಸಿ. ಅದು ಲಾಂಡ್ರಿಯಮ್ಮನ ರಾಜ್ಯ. ಅವಳಿಗೂ ಮಾಮನಿಗೂ ಎಂಟು ತಿಂಗಳಿಂದ ಸಮರ. ಒಣಹಾಕಿದ ಬಟ್ಟೆಯಿಂದ ತೋಟದ ಅಂದ ಕೆಡುತ್ತದೆ ಎಂದು ಇವನು, ಬಿಸಿಲೇನು ನಿಮ್ಮಪ್ಪ ಬರೆದುಕೊಟ್ಟದ್ದಾ ಎಂದು ಅವಳು. ತಾರಸಿಯನ್ನು ಮರೆಮಾಡಲು ಎತ್ತರದ ಬಿದಿರು ತಟ್ಟಿ ಸಿದ್ಧವಾಗಿ ಗೋಡೆಯ ಬುಡದಲ್ಲಿ ಬಿದ್ದಿತ್ತು. ಇವತ್ತೊಂದು ದಿನ ತೆಗೀರಮ್ಮ ಎಂದು ಬೆಳಿಗ್ಗೆ ಕೈಮುಗಿದು ಕೇಳಿದ್ದ. ಆಗಲಿ ಎಂದವಳು ಇನ್ನೂ ನಲವತ್ತು ಬೆಡ್‌ಶೀಟು ಹೆಚ್ಚಿಗೆ ಹರವಿದ್ದಳು.

ಮಲಗಿದವನಿಗೆ ಗೋಡೆ ಕಾಣಲಿಲ್ಲ. ಬಿರುಕು ಕಾಣಲಿಲ್ಲ. ಕಂಡದ್ದು ಆಕಾಶ, ಮತ್ತು ಆಕಾಶದ ತುಂಬ ಬಿಳುಪು. ಗಾಳಿ ಬಂತು. ನೂರು ಬೆಡ್‌ಶೀಟುಗಳು ಒಟ್ಟಿಗೆ ಉಸಿರೆಳೆದುಕೊಂಡು ಉಬ್ಬಿದವು, ಒಂದು ಗಳಿಗೆ ಹಾಗೇ ತಡೆದು ನಿಂತವು, ಮೆಲ್ಲಗೆ ಉಸಿರು ಬಿಟ್ಟವು. ಬಿಸಿಲು ಅವುಗಳ ಮೈಯೊಳಗೆ ಹಾದು, ಹಾಲಿನಂತೆ ತಿಳಿಯಾಗಿ ಅವನ ಮುಖದ ಮೇಲೆ ಇಳಿಯಿತು. ಪಟಪಟ ಸದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿ, ತಿರುಗಿ ಬಂತು. ಕೊನೆಯ ಹಗ್ಗದಲ್ಲಿ ಮಕ್ಕಳ ಪುಟ್ಟ ಪುಟ್ಟ ಗೌನುಗಳು. ತೋಳಿನ ತುಂಬ ಗಾಳಿ ತುಂಬಿಕೊಂಡು ಅವು ಕುಣಿಯುವುದನ್ನು ನೋಡಿದರೆ, ಒಳಗೆ ಮಲಗಿದವರೆಲ್ಲ ಸಿಸ್ಟರ್ ಕಣ್ಣು ತಪ್ಪಿಸಿ ಎದ್ದು ಬಂದಂತಿತ್ತು. ಮಾಸ್ಕನ್ನೂ ದಾಟಿ ಬಿಸಿಲಿಗೆ ಒಣಗಿದ ಬಟ್ಟೆಯ ವಾಸನೆ ಬಂತು. ಅವನ ಬಾಯಿ ತಾನಾಗಿ ತೆರೆದುಕೊಂಡಿತು. ಎಷ್ಟು ಹೊತ್ತು ಹಾಗಿದ್ದನೋ, ಅಳೆಯಲಿಲ್ಲ.

"ಅಯ್ಯೋ ಪಾಪ, ಬಳ್ಳಿ ಸುತ್ಕೊಂಡಿದೆಯಲ್ಲಪ್ಪ ನಿನಗೆ."

ಜಡ್ಜಮ್ಮನ ಅಜ್ಜಿ. ಹಳದಿ ಗೆರೆ ಮಕ್ಕಳಿಗೆ, ಅಜ್ಜಿಯರಿಗಲ್ಲ ಎಂಬುದು ಅವರ ವಾದ. ಅವರು ಬಳ್ಳಿ ಬಿಡಿಸುತ್ತಿರುವಾಗಲೇ, ಹೇಳಿದ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ, ಸಮಿತಿಯ ಮೇಡಂ ಬಂದುಬಿಟ್ಟರು. ಕಂಕುಳಲ್ಲಿ ಕಡತ, ಮೂಗಿನ ತುದಿಯಲ್ಲಿ ಕನ್ನಡಕ.

"ಸಹಿ ಆಗದೆ ಈ ಮಗುವನ್ನ ಯಾರು ಒಳಗೆ ಬಿಟ್ಟಿದ್ದು? ನಿಮ್ಮ ಹುಡುಗನಾ ಅಜ್ಜಿ?"

"ಇಲ್ಲಿರೋರೆಲ್ಲ ನಮ್ಮ ಹುಡುಗ್ರೇ ಕಣಮ್ಮ."

"ಊಟ ಮಾಡಿದ್ನಾ?"

"ಕಣ್ಣು ನೋಡಿದ್ರೆ ಮಾಡಿಲ್ಲ ಅನ್ಸುತ್ತೆ."

ಮಲಗಿದವನ ಮೇಲೆ ಮಾತು ಮೋಡದ ಹಾಗೆ ಹಾದುಹೋಗುತ್ತದೆ, ಒಂದು ಹನಿಯೂ ಕೆಳಗೆ ಬೀಳುವುದಿಲ್ಲ ಎಂಬುದು ಮಾಮನಿಗೆ ಅಂದು ಗೊತ್ತಾದ ಇನ್ನೊಂದು ಸಂಗತಿ. ತಾನು ಯಾರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಬಗ್ಗಿದರು.

"ಮರಿ, ಬಂದಿದ್ದು ಬಂದಾಯ್ತು. ನೀನೇ ಹೇಳು. ಇದನ್ನ ಮಾಡಿದ ಮನುಷ್ಯ ಹೇಗೂ ಚೆನ್ನಾಗಿದೆ ಅಂತಾನೆ. ನೀನು ಹೂಂ ಅಂದ್ರೆ ಇಲ್ಲೇ, ಈಗಲೇ ಸಹಿ ಹಾಕ್ತೀನಿ."

ಒಂದು ಹೂಂ. ಅಷ್ಟು ಸಾಕಿತ್ತು. ಮಾಮ ಬಾಗಿಲ ಕಡೆ ನೋಡಿದ. ದಿಂಬಿಗೆ ಒರಗಿದ ಜಡ್ಜಮ್ಮ ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು. "ತುಂಬಾ ಚೆ..." ಎಂದು ಶುರು ಮಾಡಿದವನ ನಾಲಗೆ ಅಲ್ಲೇ ನಿಂತಿತು. ಬೆಡ್‌ಶೀಟಿನ ಒಂದು ಮಡಿಕೆ ಒತ್ತಿದರೂ ನೋಯುವ ಮೈ ಅವಳದು. ಇನ್ನೂರ ನಲವತ್ತು ಸಂದು ದಾಟಿ ಬಂದು ಅವಳು ಸಿಮೆಂಟು ನೋಡುತ್ತಾಳೆ. ನೋಡಿ, ಮಾಮನಿಗೆ ಬೇಜಾರಾಗದಿರಲಿ ಎಂದು ತೀರ್ಪು ಕೊಡದೆ ಸುಮ್ಮನಿರುತ್ತಾಳೆ.

"ಚೆನ್ನಾಗಿಲ್ಲ ಮೇಡಂ" ಎಂದ.

ಒಮ್ಮೆ ಕಟ್ಟೆ ಒಡೆದ ಮೇಲೆ ನೀರು ನಿಲ್ಲುವುದುಂಟೆ? ಸಂದು, ಕಮಾನು, ಇಳಿಜಾರು, ಜಲ್ಲಿ, ಕಣ್ಣಿಗೆ ಕುಕ್ಕುವ ಬಿಸಿಲು, ಬೆನ್ನು ತೋರಿಸುವ ಹೂವು ಎಲ್ಲವನ್ನೂ ಒಂದೊಂದಾಗಿ ಹೇಳಿದ. ಅಡಿ, ಅಂಗುಲದ ಲೆಕ್ಕದಲ್ಲಿ ಹೇಳಿದ. ಮೇಡಂ ಪೆನ್ನು ಹಾಳೆಯ ಮೇಲೆ ಓಡಿತು.

"ಇದನ್ನ ಮಾಡಿದವನು ಮಂಚಾನ ಅಂಗಡೀಲಿ ಮಾತ್ರ ನೋಡಿರ್ಬೇಕು" ಎಂದರು. "ಒಳ್ಳೇದು ಏನೂ ಇಲ್ವಾ?"

"ಒಂದಿದೆ. ಆದ್ರೆ ನೀವು ನನ್ನ ದಿಂಬಿನ ಹತ್ರ ತಲೆ ತರ್ಬೇಕು."

ಮೇಡಂ ಸೊಂಟ ಹಿಡಿದುಕೊಂಡು ಕೂತರು, ತಲೆಯನ್ನು ದಿಂಬಿನ ಅಂಚಿಗೆ ಒರಗಿಸಿದರು. ಗಾಳಿ ಬಂತು. ಕಡತ ಮೆಲ್ಲಗೆ ತೊಡೆಯಿಂದ ಜಾರಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

"ಇದನ್ನ ಮಾಡಿದ್ದು ಯಾರು?" ಮೇಲೆ ನೋಡುತ್ತಲೇ ಕೇಳಿದರು.

"ನಾನು" ಎಂದಿತು ತಾರಸಿಯಿಂದ ಒಂದು ದನಿ. "ಯಾಕೆ, ಅಳತೆಯಪ್ಪ ಮತ್ತೆ ದೂರು ಕೊಟ್ರಾ?"

ಅದೇ ಹೊತ್ತಿಗೆ ಪೈಲ್ವಾನ ಇನ್ನೊಬ್ಬನನ್ನು ಎಳೆದುಕೊಂಡು ಓಡಿ ಬಂದ. "ತಡ ಆಯ್ತು ಅಳತೆ ಸಾರ್. ಏಳಿ, ನಿಮ್ಮ ತೋಟದಿಂದ ನಿಮ್ಮನ್ನೇ ಕಿತ್ತು ತೆಗೀಬೇಕಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಂದ್ರೆ ಇಷ್ಟು ಹೊತ್ತು ನಿಮ್ಮನ್ನ ನೀವೇ ಬೈಕೊಂಡ್ರಾ?"

"ಹೌದು ಮೇಡಂ."

"ಇಷ್ಟು ನಿಜ ಹೇಳೋ ರೋಗಿಯನ್ನ ನಾನು ನೋಡಿಲ್ಲ. ಇಂಥ ತೋಟಾನೂ ನೋಡಿಲ್ಲ." ನಿಂತಲ್ಲೇ ಆದೇಶ ಬರೆದರು. ದಾರಿ, ಕಮಾನು, ಕಟ್ಟೆ, ಕುಂಡ ಎಲ್ಲ ಫೇಲು, ಹೊಸದಾಗಿ ಮಾಡತಕ್ಕದ್ದು. ಬಿದಿರು ತಟ್ಟಿ ರದ್ದು. ಸಂದು, ಜಲ್ಲಿಗಳ ಮೇಲೆ ಹಲಗೆ ಹಾಸಿ, ಇವತ್ತಿನಿಂದಲೇ ಮಕ್ಕಳು ಈ ವೃತ್ತದ ತನಕ ಬರಬಹುದು. ಅವರು ಬರುವ ಹೊತ್ತಿಗೆ ಬಟ್ಟೆ ಹಾರುತ್ತಿರಬೇಕು. ಮುಂದಿನ ನಕ್ಷೆಗಳಿಗೆಲ್ಲ ಲಾಂಡ್ರಿಯಮ್ಮನ ಒಪ್ಪಿಗೆ ಕಡ್ಡಾಯ.

"ಅದೆಲ್ಲ ಸರಿ" ಎಂದಳು ಲಾಂಡ್ರಿಯಮ್ಮ. "ನನ್ನ ಡ್ಯೂಟಿ ನಾಲ್ಕಕ್ಕೆ ಮುಗಿಯುತ್ತೆ. ಐದಕ್ಕೆ ಹಾರಿಸ್ಬೇಕು ಅಂದ್ರೆ ಒಬ್ಬ ಆಳು ಕೊಡಿ."

ಎಲ್ಲರ ಕಣ್ಣೂ ಮಂಚದ ಮೇಲಿದ್ದವನ ಕಡೆ ತಿರುಗಿದವು.

ಐದು ಗಂಟೆಗೆ ಹಲಗೆಗಳ ಮೇಲೆ ಸದ್ದಿಲ್ಲದೆ ಒಂದು ಮಂಚ ಬಂತು. ಕಮಾನಿಗೆ ತಗಲದಂತೆ ಅಮ್ಮ ಸ್ಟ್ಯಾಂಡು ಬಗ್ಗಿಸಿ ಹಿಡಿದಿದ್ದಳು, ಅಜ್ಜಿ ಹೊದಿಕೆ ಸರಿಮಾಡುತ್ತಿದ್ದರು. ಮಂಚ ನಿಂತಿತು. ಗಾಳಿ ಎದ್ದಿತು. ಜಡ್ಜಮ್ಮನ ಕೈ ಹೊದಿಕೆಯಿಂದ ಹೊರಗೆ ಬಂದು, ಮೇಲೆ ಎದ್ದು, ಗಾಳಿಯಲ್ಲಿ ಬೆರಳು ಬಿಚ್ಚಿಕೊಂಡು ನಿಂತಿತು.

"ಅಮ್ಮಾ, ಆ ಶೀಟಿನ ಮೂಲೇಲಿ ಹತ್ತು ಅಂತ ಹೊಲ್ದಿದೆ ನೋಡು. ಅದು ನಂದು."

"ಹೂಂ ಕಂದ."

"ನಾನು ಒಳಗೆ ಮಲಗಿದ್ದಾಗೆಲ್ಲ ಅದು ಇಲ್ಲಿ ಹಾರ್ತಾ ಇತ್ತಾ?"

ಅಮ್ಮ ಮಗಳ ದಿಂಬಿನ ಪಕ್ಕ ತಲೆಯಿಟ್ಟು ತಾನೂ ಮೇಲೆ ನೋಡಿದಳು. ಸ್ವಲ್ಪ ಹೊತ್ತಿಗೆ ಅಜ್ಜಿಯೂ ಬಗ್ಗಿದರು. ಒಂದು ದಿಂಬು, ಮೂರು ತಲೆ.

ಕಡೆಗೆ ಜಡ್ಜಮ್ಮನೇ ಸುತ್ತ ನೋಡಿದಳು. "ಅಳತೆ ಮಾಮ ಎಲ್ಲಿ? ಕರೀರಿ ಅಜ್ಜಿ."

"ಯಾಕಮ್ಮ?"

"ಅವರು ಇದನ್ನ ಒಂದ್ಸಲ ನೋಡ್ಬೇಕು. ತೋಟ ಹೇಗೆ ಮಾಡೋದು ಅಂತ ಗೊತ್ತಾಗುತ್ತೆ."

ತಾರಸಿಯ ಮೇಲೆ, ಹಗ್ಗ ಎಟಕದೆ ಬಕೆಟ್ಟು ಬೋರಲು ಹಾಕಿ ನಿಂತಿದ್ದ ಮಾಮನಿಗೆ ಇದು ಸ್ಪಷ್ಟವಾಗಿ ಕೇಳಿಸಿತು. ಇಲ್ಲೇ ಇದ್ದೀನಿ ಪುಟ್ಟಿ ಎನ್ನಬೇಕೆಂದುಕೊಂಡ. ಬಾಯಲ್ಲಿ ನಾಲ್ಕು ಕ್ಲಿಪ್ಪು, ಎರಡೂ ಕೈಯಲ್ಲಿ ಒದ್ದೆ ಬೆಡ್‌ಶೀಟು. ಡ್ಯೂಟಿ ಮುಗಿದಿದ್ದರೂ ಮೇಲ್ವಿಚಾರಣೆಗೆಂದು ಕುರ್ಚಿ ಹಾಕಿಕೊಂಡು ಕೂತಿದ್ದ ಲಾಂಡ್ರಿಯಮ್ಮ ಹಿಂದಿನಿಂದ ಹೇಳಿದಳು:

"ಆ ತುದಿ ಸೊಟ್ಟ ಆಯ್ತು ಅಳತೆಯಪ್ಪ. ಬಿಚ್ಚಿ ಇನ್ನೊಂದ್ಸಲ ಹಾಕಿ."