ಕೇದಾರದ ಖರ್ಚಿನ ಪಟ್ಟಿಯಲ್ಲಿ ನಾನು

ಕೈಯಲ್ಲಿ ಕಾಸಿಲ್ಲದವನಿಗೇ ಊರವರ ಖರ್ಚಿನ ಲೆಕ್ಕ ಬರೆಯುವ ಕೆಲಸ ಬಂದು ಗಂಟುಬೀಳುವುದು ಯಾಕೋ ನನಗೆ ಇವತ್ತಿಗೂ ತಿಳಿದಿಲ್ಲ. ಮದುವೆಯ ಲೆಕ್ಕ, ನಾಟಕದ ಲೆಕ್ಕ, ಬಾವಿ ತೋಡಿಸಿದ ಲೆಕ್ಕ, ಎಲ್ಲವನ್ನೂ ಬರೆದಿದ್ದೇನೆ. ಅವೆಲ್ಲದರಲ್ಲೂ ಏನಾದರೊಂದು ನಗೆಪಾಟಲು ಆಗಿಯೇ ಆಗಿದೆ. ಆದರೆ ಕೇದಾರಕ್ಕೆ ಹೊರಟಾಗ ಬರೆದ ಲೆಕ್ಕದ ಮುಂದೆ ಅವು ಯಾವುವೂ ಅಲ್ಲ.

ಆಣೆಗಳು ಇನ್ನೂ ಚಲಾವಣೆಯಲ್ಲಿದ್ದ ಕಾಲ. ನಾನು ತೆರಕಣಾಂಬಿಯ ಮಿಡ್ಲ್‌ಸ್ಕೂಲಿನಲ್ಲಿ ಮೇಷ್ಟ್ರು. ಊರಿನ ಜಮೀನ್ದಾರ ಯಜಮಾನರು, ಅವರ ಅಕ್ಕ, ಮತ್ತು ಗುಂಡ್ಲುಪೇಟೆಯ ಕಡಲೆಕಾಯಿ ಮಂಡಿಯ ಸಾಹುಕಾರರು, ಈ ಮೂವರೂ ಬೇಸಿಗೆ ರಜದಲ್ಲಿ ಕೇದಾರಕ್ಕೆ ಹೋಗುವುದೆಂದು ಗೊತ್ತಾಯಿತು. ಆಗ ರುದ್ರಪ್ರಯಾಗದವರೆಗೆ ಬಸ್ಸು. ಅಲ್ಲಿಂದ ಮುಂದೆ ಹಿಮದ ಬುಡದವರೆಗೂ ಕಾಲೇ ಗತಿ. ನನಗೆ ಒಂದಿಷ್ಟು ಹಿಂದಿ ಬರುತ್ತಿತ್ತು, ಲೆಕ್ಕವೂ ಬರುತ್ತಿತ್ತು. ಅದಕ್ಕೆ ನನ್ನ ಖರ್ಚನ್ನು ಮೂವರೂ ಸೇರಿ ಹಾಕಿಕೊಳ್ಳುವುದು ಅಂತ ಬಾಯಿಮಾತಿನ ಒಪ್ಪಂದವಾಯಿತು. ಭೂಗೋಳದ ಪಾಠದಲ್ಲಿ ಹಿಮಾಲಯವನ್ನು ಹನ್ನೊಂದು ವರ್ಷ ಕೋಲಿನಲ್ಲಿ ತೋರಿಸಿದವನು ನಾನು. ಒಂದು ಸಲ ಕಣ್ಣಲ್ಲಿ ನೋಡಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಇತರೆ

ತಲೆಗೆ ನಾನೂರರಂತೆ ಮೂವರಿಂದ ಸಾವಿರದ ಇನ್ನೂರು ರೂಪಾಯಿ. ಅದರೊಳಗೆ ಎಲ್ಲ ಮುಗಿಯಬೇಕು. ನಾನು ಮೂರು ದಿನ ಕೂತು ಪಟ್ಟಿ ಮಾಡಿದೆ. ರೈಲು, ಬಸ್ಸು, ರಾಗಿಹಿಟ್ಟು, ಕಂಬಳಿ, ಕೂಲಿಗಳು, ಪೂಜೆ. ನನ್ನ ಹೆಸರನ್ನು ನಾನೇ ಬರೆದುಕೊಳ್ಳಲು ಸಂಕೋಚವಾಗಿ, ಕೊನೆಯಲ್ಲಿ ‘ಇತರೆ: ಮುನ್ನೂರ ಇಪ್ಪತ್ತು’ ಅಂತ ಬರೆದೆ. ಒಟ್ಟು ಸಾವಿರದ ನಾನೂರ ಅರವತ್ತಾಯಿತು.

ಸಾಹುಕಾರರು ಕನ್ನಡಕ ಏರಿಸಿ ಪಟ್ಟಿಯ ಮೇಲಿಂದ ಇಳಿಯುತ್ತಾ ಬಂದರು. ಎರಡು ಕಂಬಳಿ ಇದ್ದದ್ದು ಒಂದಾಯಿತು, ಮತ್ತೆ ಎರಡಾಯಿತು. ಕೊನೆಯ ಸಾಲಿಗೆ ಬಂದು ಅವರ ಬೆರಳು ನಿಂತಿತು.

“ಯಜಮಾನ್ರೇ, ಇಲ್ಲಿ ನೋಡಿ. ಮೂವತ್ತು ವರ್ಷದಿಂದ ಮಂಡಿ ನಡೆಸ್ತಾ ಇವ್ನಿ. ಯಾವ ಲೆಕ್ಕದಲ್ಲಾದ್ರೂ ಸರಿ, ಕಳ್ಳ ಕೂತಿರೋದು ಈ ಇತರೆಲೇ. ಇದೊಂದ ಒಡದಾಕುದ್ರ ಲೆಕ್ಕವೂ ಸರಿಹೋಯ್ತದ, ಮ್ಯಾಲ ಅರವತ್ತು ರೂಪಾಯಿ ಉಳಿತದ. ಯಾವುದು ಮೇಷ್ಟ್ರೇ ಈ ಇತರೆ?”

“ನಾನೇ ಸ್ವಾಮಿ,” ಅಂದೆ.

ಯಜಮಾನರು ಕೆಮ್ಮಿದರು. ಸಾಹುಕಾರರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೋಡಕ ಇಷ್ಟು ಕಮ್ಮಿ ಇದೀರಲ್ಲ!” ಅಂದರು.

ಪರೀಕ್ಷೆಯ ಬೆಟ್ಟ

ನನ್ನನ್ನು ಹೊಡೆಯುವುದೋ ಬಿಡುವುದೋ ಎಂಬುದು ಅಲ್ಲಿಗೇ ನಿಂತಿತು. ಊಟದ ಬಾಬತ್ತು ಬಹಳ ಹೆಚ್ಚಾಗಿದೆ, ಅದನ್ನು ಇಳಿಸಿದರೆ ಮೇಷ್ಟ್ರಿಗೆ ಜಾಗವಾದೀತು ಅಂತ ಯಜಮಾನರೇ ದಾರಿ ಹುಡುಕಿದರು. “ಬೆಟ್ಟ ಅತ್ತುದ್ರ ಎಷ್ಟು ಖರ್ಚಾಯ್ತದ ಅಂತ ಇಲ್ಲೇ ಅತ್ತಿ ನೋಡನ. ಒಂದು ದಿನದ್ದು ಗೊತ್ತಾದ್ರ ತಿಂಗಳಿಗ ಮೂವತ್ತರಿಂದ ಗುಣಿಸದು.” ಸರಿ, ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವುದೆಂದಾಯಿತು. ಅದೂ ಎತ್ತರ, ಅಲ್ಲೂ ಮಂಜು, ಚಳಿ.

ಬೆಳಿಗ್ಗೆ ಗುಂಡ್ಲುಪೇಟೆಯಿಂದ ನಡೆದೆವು. ನಾನು ಕೈಯಲ್ಲಿ ಪುಸ್ತಕ ಪೆನ್ಸಿಲು ಹಿಡಿದಿದ್ದೆ. ಊರು ದಾಟುವ ಮೊದಲೇ ಸಾಹುಕಾರರ ತಂಗಿಯ ಮನೆಯಲ್ಲಿ ಉಪ್ಪಿಟ್ಟು. ಹಂಗಳದಲ್ಲಿ ಯಜಮಾನರ ಬೀಗರು ಬೀದಿಗೇ ಬಂದು ತಡೆದು, ಕೈ ಹಿಡಿದು ಎಳೆದುಕೊಂಡು ಹೋಗಿ ಹೋಳಿಗೆ ಹಾಕಿದರು. ಬೇಡವೆಂದರೆ ಸಂಬಂಧ ಕೆಡುತ್ತದೆ. ಬೆಟ್ಟದ ಮೇಲೆ ದೇವಸ್ಥಾನದ ಪುಳಿಯೋಗರೆ. ಇಳಿದು ಬರುವಾಗ ಬೀಗರು ಮತ್ತೆ ಕಾದಿದ್ದರು.

ಸಂಜೆ ಲೆಕ್ಕ ನೋಡಿದರೆ ಇಡೀ ದಿನಕ್ಕೆ ಆದ ಖರ್ಚು ಎಲೆ ಅಡಿಕೆಗೆ ಎರಡಾಣೆ.

ಸಾಹುಕಾರರು ಮನಸ್ಸಿನಲ್ಲೇ ಗುಣಿಸಿದರು. “ಮೂವತ್ತು ದಿನಕ್ಕೆ ಮೂರು ರೂಪಾಯಿ ಅನ್ನೆರಡಾಣೆ. ನೀವು ಊಟಕ್ಕೆ ಇನ್ನೂರ ಎಂಬತ್ತು ಬರೆದಿದ್ರಿ.”

“ಸ್ವಾಮಿ, ಇಲ್ಲಿ ಹೆಜ್ಜೆಗೊಬ್ಬರು ಬೀಗರು ಇದ್ದಾರೆ. ಹಿಮಾಲಯದಲ್ಲಿ ನಮಗೆ ಬೀಗರು ಎಲ್ಲಿದ್ದಾರೆ?”

ಸಾಹುಕಾರರು ಸ್ವಲ್ಪ ಯೋಚನೆ ಮಾಡಿ ಹೇಳಿದರು: “ಇಲ್ಲ ಅಂತ ಎಂಗ ಏಳ್ತೀರಿ? ಯಾವುದಕ್ಕೂ ವಿಚಾರ್ಸಿ ಒಂದು ಕಾಗದ ಬರೀರಿ.”

ತಕ್ಕಡಿ

ಬೀಗರ ವಿಚಾರ ಬಿಟ್ಟು ನಾನು ಕೇದಾರದಲ್ಲಿ ಯಾತ್ರಿಕರನ್ನು ನೋಡಿಕೊಳ್ಳುವ, ಪಂಡರು ಎನ್ನುವ ಪುರೋಹಿತರಿಗೆ ಕಾಗದ ಬರೆದೆ. ಅವರಿಂದ ಉತ್ತರ ಬಂತು. ನಡೆಯಲಾರದವರನ್ನು ಬೆನ್ನಮೇಲಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಹೋಗುವ ಕೂಲಿಗಳು ಸಿಗುತ್ತಾರೆ, ಬುಟ್ಟಿಗೆ ಕಂಡಿ ಅನ್ನುತ್ತಾರೆ, ಕೂರುವವರ ತೂಕದ ಮೇಲೆ ಕೂಲಿ ಅಂತ ಬರೆದಿದ್ದರು.

ಯಜಮಾನರಿಗೆ ಗೋಪಾಲಸ್ವಾಮಿ ಬೆಟ್ಟ ಇಳಿದಾಗಿನಿಂದ ಮೊಣಕಾಲು ನೋವು. ಮೈಕಟ್ಟೂ ದೊಡ್ಡದು. ಅವರ ತೂಕ ತಿಳಿಯದೆ ಪಟ್ಟಿ ಮುಂದಕ್ಕೆ ಹೋಗದು. ಸಾಹುಕಾರರ ಮಂಡಿಯಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿಯಲ್ಲೇ ತೂಗುವುದೆಂದಾಯಿತು. ಯಜಮಾನರು ಶಲ್ಯ ಸರಿಮಾಡಿಕೊಂಡು, ಹಲಗೆಯ ಮೇಲೆ ಕಣ್ಣುಮುಚ್ಚಿ ಕೂತರು. ಮಂಡಿಯ ಬಾಗಿಲಲ್ಲಿ ಜನ ಸೇರಿದರು.

ಮೂವತ್ತು ವರ್ಷದಿಂದ ಅಲ್ಲೇ ಇದ್ದ ತೂಕದ ಆಳು ಕಲ್ಲುಗಳನ್ನು ಮುಟ್ಟಲಿಲ್ಲ. ಸಾಹುಕಾರರ ಹತ್ತಿರ ಬಂದು ತಲೆ ಕೆರೆದುಕೊಂಡು ಕಿವಿಯಲ್ಲಿ ಕೇಳಿದ. ಪಿಸುಮಾತೇ ಆದರೂ ಎಲ್ಲರಿಗೂ ಕೇಳಿಸಿತು.

“ಬುದ್ಧಿ, ಯಜಮಾನ್ರನ್ನ ಕೊಳ್ಳೊ ಕಲ್ಲಲ್ಲಿ ತೂಗ್ಲಾ, ಮಾರೊ ಕಲ್ಲಲ್ಲಿ ತೂಗ್ಲಾ?”

ಬಡ್ತಿ

ಹೊರಡಲು ಹತ್ತು ದಿನ ಇರುವಾಗ ಮುಡಿಪುಗಳು ಬರತೊಡಗಿದವು. ದೂರದ ಕ್ಷೇತ್ರಕ್ಕೆ ಯಾರಾದರೂ ಹೊರಟರೆ ನಮ್ಮ ಕಡೆ ಪ್ರತಿ ಮನೆಯವರೂ ಹರಕೆಯ ಕಾಸನ್ನು ಅರಿಸಿನದ ಬಟ್ಟೆಯಲ್ಲಿ ಗಂಟುಕಟ್ಟಿ ಕೊಡುತ್ತಾರೆ. ಕಾಸು ಮಾತ್ರವಾದರೆ ಚಿಂತೆಯಿರಲಿಲ್ಲ. ಒಬ್ಬರು ಬೆಳ್ಳಿ ಕಣ್ಣು, ಒಬ್ಬರು ತಾಮ್ರದ ತೊಟ್ಟಿಲು ಕೊಟ್ಟರು. ಬೇಗೂರಿನ ರೈತರೊಬ್ಬರು, ಕಾಯಿಲೆಯಿಂದ ಉಳಿದ ಎತ್ತಿನ ಕೊರಳ ಗಂಟೆಯನ್ನೇ ಬಿಚ್ಚಿ ತಂದರು. ಎಲ್ಲ ಸೇರಿ ಇಪ್ಪತ್ತು ಪೌಂಡಾಯಿತು.

“ಇದ ಒರೋದಕ್ಕೇ ಇನ್ನೊಬ್ಬ ಕೂಲಿ ಬೇಕಲ್ರೀ,” ಅಂದರು ಸಾಹುಕಾರರು. “ಗಂಟು ಬಿಚ್ಚಿ ಕಾಸೆಲ್ಲ ನೋಟು ಮಾಡ್ಕಂಡ್ರ?”

ಯಜಮಾನರ ಅಕ್ಕ ಅರವತ್ತೈದು ದಾಟಿದವರು. ಊರಿಗೆಲ್ಲ ಅವರು ಅಕ್ಕಯ್ಯ. ಮಾತು ಕಮ್ಮಿ, ಆಡಿದರೆ ಕಡ್ಡಿ ಮುರಿದಂತೆ. “ಮುಡಿಪು ಬಿಚ್ಚಿದ ಕೈಗ ಉಳ ಬೀಳ್ತದ,” ಅಂದರು. ಸಾಹುಕಾರರು ಕೈಯನ್ನು ಶಲ್ಯದೊಳಗೆ ಎಳೆದುಕೊಂಡರು.

ಈಗ ಪಟ್ಟಿ ಇನ್ನೂ ಉದ್ದವಾಯಿತು. ಅವರ ಕಣ್ಣು ಮತ್ತೆ ಕೊನೆಯ ಸಾಲಿಗೆ ಇಳಿಯುವುದನ್ನು ಕಂಡೆ. “ಮುಡಿಪು ನಾನು ಹೊರುತ್ತೇನೆ,” ಅಂದುಬಿಟ್ಟೆ. ಸಾಹುಕಾರರ ಮುಖ ಅರಳಿತು. ‘ಇತರೆ’ ಅನ್ನುವುದನ್ನು ಹೊಡೆದು, ಅದರ ಮೇಲೆ ಸ್ವಂತ ಕೈಯಿಂದ ‘ಕೂಲಿ’ ಅಂತ ಬರೆದರು. ಇಷ್ಟಾದ ಮೇಲೆ ಯಜಮಾನರು ಮಿಕ್ಕ ಕೊರತೆಗೆ ಹತ್ತು ಮೂಟೆ ರಾಗಿ ಮಾರಿಸಿದರು.

ಮನೆಗೆ ಬಂದಾಗ ನನ್ನ ಹೆಂಡತಿ, “ಏನಾಯ್ತು? ಹೋಗೋದು ಗಟ್ಟಿಯಾಯ್ತೇ?” ಎಂದು ಕೇಳಿದಳು.

“ಗಟ್ಟಿಯಾಯ್ತು. ಬಡ್ತಿಯೂ ಆಯ್ತು,” ಅಂದೆ.

ಏರುತ್ತಾ ಹೋದ ಹೊರೆ

ಚಾಮರಾಜನಗರದಲ್ಲಿ ರೈಲು ಹತ್ತಿದವರು ಎಂಟು ದಿನಕ್ಕೆ ರುದ್ರಪ್ರಯಾಗದಲ್ಲಿ ಬಸ್ಸು ಇಳಿದೆವು. ನಡಿಗೆ ಶುರುವಾಯಿತು. ದಾರಿಯುದ್ದಕ್ಕೂ ಚಟ್ಟಿ ಅಂತ ತಂಗುವ ಜೋಪಡಿಗಳು. ಅಲ್ಲಿ ಮಲಗಲು ಬಾಡಿಗೆಯಿಲ್ಲ ಅಂತ ಪಂಡರು ಬರೆದಿದ್ದರು. ಅದಕ್ಕೇ ಪಟ್ಟಿಯಲ್ಲಿ ವಸತಿಗೆ ಸೊನ್ನೆ ಹಾಕಿದ್ದೆ. ಅವರು ಬರೆಯದೆ ಬಿಟ್ಟ ಮಾತು ಒಂದಿತ್ತು. ಚಟ್ಟಿಯವನ ಅಂಗಡಿಯಲ್ಲಿ ಗೋಧಿಹಿಟ್ಟು ಬೇಳೆ ಕೊಂಡವರಿಗೆ ಮಾತ್ರ ಜಾಗ ಪುಕ್ಕಟೆ. ಕೊಳ್ಳದವರು ಬಯಲಿನಲ್ಲಿ ಮಲಗಬಹುದು.

ನಮ್ಮ ಹತ್ತಿರ ತಿಂಗಳಿಗಾಗುವಷ್ಟು ರಾಗಿಹಿಟ್ಟು. ಅಕ್ಕಯ್ಯನವರು ಬೇರೆಯವರ ಕೈಯಡುಗೆ ಮುಟ್ಟುವವರಲ್ಲ, ಯಜಮಾನರಿಗೆ ಮುದ್ದೆ ಉಣ್ಣದಿದ್ದರೆ ನಿದ್ದೆ ಬರದು. ಹಾಗಾಗಿ ಪ್ರತಿ ಸಂಜೆಯೂ ಜಾಗಕ್ಕೋಸ್ಕರ ಗೋಧಿಹಿಟ್ಟು ಕೊಳ್ಳುವುದು, ರಾಗಿಮುದ್ದೆ ಉಣ್ಣುವುದು, ಬೆಳಿಗ್ಗೆ ಗೋಧಿಹಿಟ್ಟನ್ನು ಮೂಟೆಗೆ ಸೇರಿಸಿ ಹೊರಡುವುದು. ಎಸೆಯೋಣವೆಂದರೆ ಅನ್ನ, ಪಾಪ ಬರುತ್ತದೆ. ಐದನೆಯ ದಿನಕ್ಕೆ ಆ ಮೂಟೆಗೇ ಇನ್ನೊಬ್ಬ ಕೂಲಿಯನ್ನು ಗೊತ್ತುಮಾಡಿಕೊಂಡೆವು.

ಮೊದಲ ಕೂಲಿಯವನು ಸಭ್ಯಸ್ಥ. ತಡೆಯಲಾರದೆ ಒಂದು ದಿನ ಹಿಂದಿಯಲ್ಲಿ ನನ್ನನ್ನು ಕೇಳಿದ. ನಾನು ಸಾಹುಕಾರರಿಗೆ ತಿಳಿಸಿದೆ: “ಎಲ್ಲರ ಹೊರೆಯೂ ಮೇಲೆ ಹೋಗ್ತಾ ಹೋಗ್ತಾ ಇಳಿಯುತ್ತಂತೆ. ನಮ್ಮದು ಮಾತ್ರ ಏರ್ತಾ ಇದೆಯಂತೆ. ನೀವು ಯಾತ್ರಿಕರೋ ವ್ಯಾಪಾರಸ್ಥರೋ ಅಂತ ಕೇಳ್ತಾನೆ.”

ಅಷ್ಟು ದಿನದಲ್ಲಿ ಮೊದಲ ಸಲ ಸಾಹುಕಾರರು ನಕ್ಕರು. “ನೋಡುದ್ರಾ? ಮಕ ನೋಡೇ ಕಂಡಿಡ್ದವ್ನ!”

ಗೌರಿಕುಂಡದ ಮಂಡಿ

ಗೌರಿಕುಂಡದಿಂದ ಕೇದಾರಕ್ಕೆ ಕಡಿದಾದ ಏರು. ಅಲ್ಲಿ ದುಡ್ಡು ಎಣಿಸಿದೆ. ಹಿಂದಿರುಗುವ ದಾರಿಯ ಖರ್ಚು ತೆಗೆದಿಟ್ಟರೆ ಕಂಡಿಗೆ ಉಳಿದದ್ದು ಒಬ್ಬರಿಗೆ ಸಾಲುವಷ್ಟು. ಯಜಮಾನರ ಕಂಡಿ ಮೊದಲಿಂದಲೂ ಪಟ್ಟಿಯಲ್ಲಿತ್ತು. ಸಾಹುಕಾರರು ತಮಗೆ ಕಂಡಿಯೇ ಬೇಡವೆಂದು ಉಳಿತಾಯ ಮಾಡಿದ್ದರು. ಆದರೆ ಎರಡು ದಿನದಿಂದ ಅವರಿಗೆ ಉಸಿರು ಹತ್ತದೆ, ಅವರೂ ಕಂಡಿಯಲ್ಲೇ ಬಂದಿದ್ದರು.

“ಏನಾರ ಒಂದು ಒಡೀಬೇಕು,” ಅಂದರು ಸಾಹುಕಾರರು. ಕಣ್ಣು ನನ್ನ ಕಡೆ ತಿರುಗಿತು. ಇಷ್ಟು ಹತ್ತಿರ ಬಂದು ಹಿಮ ನೋಡದೆ ಇಳಿಯುವುದೇ ಅಂತ ನನಗೆ ಅಳುವೇ ಬಂತು.

ಅಕ್ಕಯ್ಯನವರು ಅಷ್ಟೂ ದಾರಿಯನ್ನು ಬರಿಗಾಲಲ್ಲಿ ನಡೆದವರು, ಮುದ್ದೆಕೋಲು ಪಕ್ಕಕ್ಕಿಟ್ಟರು. “ಮೇಷ್ಟ್ರಪ್ಪ, ನಡಕಂಡೋಗ ನಿನಗ ಏನು ಖರ್ಚು? ಇನ್ನು ಮುಂದಿಕ ಯಾರ್ದು ಎಷ್ಟಾಯ್ತದ, ಓದು.”

ಓದಿದೆ. ಅಕ್ಕಯ್ಯನವರದು ಏನೂ ಇಲ್ಲ. ನನ್ನದು ಏನೂ ಇಲ್ಲ. ಯಜಮಾನರ ಕಂಡಿ ಲೆಕ್ಕದೊಳಗೇ ಇತ್ತು. ಲೆಕ್ಕದ ಹೊರಗಿದ್ದದ್ದು ಸಾಹುಕಾರರ ಕಂಡಿ ಒಂದೇ.

ನನಗೆ ಅವರ ಮುಖ ನೋಡಲಾಗಲಿಲ್ಲ. ಸಾಹುಕಾರರು ಪುಸ್ತಕ ಇಸಿದುಕೊಂಡು ಎರಡು ಸಲ ಕೂಡಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. “ಲೆಕ್ಕ ಅಂದ್ಮ್ಯಾಲ ಲೆಕ್ಕ,” ಅಂತ ಪೆನ್ಸಿಲು ತೆಗೆದುಕೊಂಡು ತಮ್ಮನ್ನು ತಾವೇ ಹೊಡೆದುಹಾಕಿದರು. ಆಮೇಲೆ ಹಿಟ್ಟಿನ ಮೂಟೆಗಳ ಕಾವಲಿಗೆ ಗೋಡೆಗೊರಗಿ ಕೂತರು. ಆವತ್ತು ನನಗೆ ಅವರ ಮೇಲೆ ಬಂದ ಗೌರವ ಇನ್ನೂ ಹೋಗಿಲ್ಲ.

ನಾವು ಮೂವರೂ ಹತ್ತಿದೆವು. ಹಿಮ ನೋಡಿದೆ. ಮುಡಿಪು ಒಪ್ಪಿಸಿದೆ. ಮೂರನೆಯ ದಿನ ಇಳಿದು ಬಂದು ನೋಡಿದರೆ ನಮ್ಮ ಚಟ್ಟಿಯ ಮುಂದೆ ಜಾತ್ರೆ! ತುಮಕೂರಿನ ಕಡೆಯ ಯಾತ್ರಿಕರ ಒಂದು ದೊಡ್ಡ ತಂಡ, ಹದಿನೈದು ದಿನದಿಂದ ರೊಟ್ಟಿ ತಿಂದು ಬೇಸತ್ತವರು, ಸಾಲಾಗಿ ಕೂತು ರಾಗಿಮುದ್ದೆ ನುಂಗುತ್ತಿದ್ದರು. ನಡುವೆ ಸಾಹುಕಾರರು, ಮೈಯೆಲ್ಲಾ ಹಿಟ್ಟು. ಜನ್ಮದಲ್ಲಿ ಒಲೆ ಮುಂದೆ ಕೂತವರಲ್ಲ, ಮುದ್ದೆಯೆಲ್ಲಾ ಗಂಟುಗಂಟು. ಆದರೂ ಒಂದಕ್ಕೆ ಮೂರಾಣೆ. ಗೋಧಿಹಿಟ್ಟನ್ನು ಚಟ್ಟಿಯವನಿಗೇ ತಿರುಗಿ ಮಾರಿದ್ದರು.

“ಹಿಂದಿ ಬರದೆ ಹೇಗೆ ಸ್ವಾಮಿ?” ಅಂದೆ.

“ವ್ಯಾಪಾರಕ್ಕ ಬೆರಳು ಸಾಕು ಬುಡಿ.” ಅಂದವರೇ ದುಡ್ಡಿನ ಗಂಟನ್ನು ನನ್ನ ಮುಂದೆ ಸುರಿದರು. ಎಣಿಸಿದೆ. ಒಂದು ಕಂಡಿಯ ಕೂಲಿ ಆಗಿ, ಮೇಲೆ ಇನ್ನೂ ಸ್ವಲ್ಪ ಉಳಿಯುತ್ತಿತ್ತು. ಅವರು ಕೂಡಲೇ ಎದ್ದು ಕೈ ತೊಳೆದರು. ಪುಸ್ತಕದ ಹೊಸ ಹಾಳೆಯಲ್ಲಿ ಮೊದಲ ಸಾಲಿಗೇ ‘ಮೇಷ್ಟ್ರು’ ಅಂತ ಬರೆದರು. “ದೇವರ ಮುಂದ ಬೆರಳು ತೋರ್ಸಕ ಆಗದಿಲ್ಲ. ನೀವೂ ಬನ್ನಿ. ಖರ್ಚು ನನ್ನದು.”

ಕಾಲು ಬಿದ್ದುಹೋಗುತ್ತಿತ್ತು. ಆದರೂ ಇನ್ನೊಮ್ಮೆ ಹತ್ತಿದೆ. ಕೊನೆಯ ತಿರುವಿನಲ್ಲಿ ಗುಡಿಯೂ ಅದರ ಹಿಂದೆ ಆಕಾಶದವರೆಗೆ ಹಿಮವೂ ಒಟ್ಟಿಗೇ ಕಂಡವು. ಸಾಹುಕಾರರು ಕಂಡಿಯಿಂದ ಇಳಿದು, ಮುಂಡಾಸು ತೆಗೆದು, ಕೈಮುಗಿದು ನಿಂತರು. ಗಡಗಡ ನಡುಗುತ್ತಿದ್ದರು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ನಾನೂ ಕಣ್ಣೊರೆಸಿಕೊಂಡೆ.

ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, ನಡುಗುವ ದನಿಯಲ್ಲಿ ಕೇಳಿದರು: “ಮೇಷ್ಟ್ರೇ, ಈ ಚಳೀಲಿ ಬಿಸಿ ಮುದ್ದೆ ಆರಾಣೆಗೂ ಓಯ್ತಿತ್ತಲ್ವಾ?”